ಟ್ಯಾಬ್ ಕೈಗೆ ಬಂತು, ಪಾಠ ತಲೆಗೆ ಹತ್ತಿತಾ?

ಅಕ್ಕನ ಮಗನಿಗೆ ಹತ್ತು ವರ್ಷ. ಮೊನ್ನೆ ಟ್ಯಾಬ್ ಹಿಡ್ಕೊಂಡು ಭಿನ್ನರಾಶಿ ಲೆಕ್ಕ ಮಾಡುತ್ತಿದ್ದ. ನಾನು ಪಕ್ಕದಲ್ಲಿ ಸುಮ್ನೆ ಕೂತು ನೋಡುತ್ತಿದ್ದೆ. ಪರದೆ ಮೇಲೆ ಪ್ರಶ್ನೆ: 1/3, 1/4. ಯಾವುದು ದೊಡ್ಡದು? ಅವನು 1/4 ಒತ್ತಿದ. ಕೆಂಪು ಬಂತು. ತಕ್ಷಣ 1/3 ಒತ್ತಿದ. ಹಸಿರು, ಜೊತೆಗೊಂದು ನಕ್ಷತ್ರ. ಮುಂದಿನದು 1/5, 1/8. ಮತ್ತೆ ದೊಡ್ಡ ಅಂಕಿ ಇರುವ ಕಡೆಗೇ ಬೆರಳು ಹೋಯಿತು, ಕೆಂಪು. ಇನ್ನೊಂದು ಒತ್ತಿದ, ಹಸಿರು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನಿಗೆ ಗುಟ್ಟು ಸಿಕ್ಕಿಬಿಟ್ಟಿತ್ತು: ಕೆಳಗಿನ ಅಂಕಿ ಯಾವುದು ಚಿಕ್ಕದೋ ಅದನ್ನೇ ಒತ್ತು. ಆಮೇಲೆ ಸಾಲಾಗಿ ಏಳೆಂಟು ಹಸಿರು. "ಮಾಮ, ಇಲ್ನೋಡು, ಒಂದೂ ತಪ್ಪಿಲ್ಲ!"

ಅಷ್ಟರಲ್ಲಿ 1/2, 3/5 ಬಂತು. 1/2 ಒತ್ತಿದ, ಕೆಂಪು. ಮುಖ ಸ್ವಲ್ಪ ಸಪ್ಪಗಾಯಿತು. 3/5 ಒತ್ತಿದ. ಹಸಿರು, ನಕ್ಷತ್ರ, ಚಪ್ಪಾಳೆ ಸದ್ದು. ಮುಂದಿನ ಪ್ರಶ್ನೆ ಬಂದೇಬಿಟ್ಟಿತು. "3/5 ಯಾಕೋ ದೊಡ್ಡದು?" ಅಂದೆ. "ಗೊತ್ತಿಲ್ಲ. ಅದೇ ಸರಿ ಅಂತ ಬಂತಲ್ಲ" ಅಂದ.

ಕಾಲು ಗಂಟೆ ಆದ ಮೇಲೆ ಆ್ಯಪ್ ತೀರ್ಪು ಕೊಟ್ಟಿತು: ಪಾಠ ಮುಗಿದಿದೆ, ಮುಂದಿನ ಹಂತ ತೆರೆದಿದೆ. ಹುಡುಗ ಖುಷಿಯಾಗಿದ್ದ. ವರದಿ ನೋಡಿದ ಅವನ ಟೀಚರ್‌ಗೂ ಸಮಾಧಾನ ಆಗಿರುತ್ತದೆ. ಭಿನ್ನರಾಶಿ ಮಾತ್ರ ಅವನ ತಲೆಗೆ ಹತ್ತಿರಲಿಲ್ಲ.

ಟ್ಯಾಬ್ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಎರಡು ಬಣ ಆಗುತ್ತದೆ. ಒಂದು ಕಡೆ "ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು" ಅನ್ನುವವರು. ಇನ್ನೊಂದು ಕಡೆ "ಮಕ್ಕಳನ್ನ ಹಾಳು ಮಾಡುತ್ತಿದ್ದೀರಿ" ಅನ್ನುವವರು. ಆದರೆ ಟ್ಯಾಬ್ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದರೆ, ಪೆನ್ಸಿಲ್ ಒಳ್ಳೆಯದಾ ಅಂತ ಕೇಳಿದ ಹಾಗೆ. ಅದಕ್ಕೆ ಯಾವ ಕೆಲಸ ಒಪ್ಪಿಸಿದ್ದೀರಿ, ಎಷ್ಟು ಹೊತ್ತಿಗೆ, ಪಕ್ಕದಲ್ಲಿ ಯಾರಿದ್ದಾರೆ? ಈ ಮೂರಕ್ಕೆ ಉತ್ತರ ಇಲ್ಲದೆ ಟ್ಯಾಬ್ ಹಂಚಿದ ಕಡೆ ಏನಾಯಿತು, ಉತ್ತರ ಇಟ್ಟುಕೊಂಡು ಹಂಚಿದ ಕಡೆ ಏನಾಯಿತು ಅನ್ನುವುದಕ್ಕೆ ಈಗ ನಮ್ಮ ಮುಂದೆ ಇಪ್ಪತ್ತು ವರ್ಷದ ಅನುಭವ ಇದೆ.

ಕನಸು ಅದಕ್ಕಿಂತ ಹಳೆಯದು. 1972ರಲ್ಲಿ ಅಲನ್ ಕೇ ಅನ್ನುವ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಒಂದು ಪ್ರಬಂಧ ಬರೆದರು. ನೋಟ್‌ಬುಕ್ ಗಾತ್ರದ, ಮಗು ಎತ್ತಿಕೊಂಡು ಓಡಾಡಬಹುದಾದ ಕಂಪ್ಯೂಟರ್ ಹೇಗಿರಬೇಕು ಅನ್ನುವುದು ಅದರ ವಿಷಯ. ಅದಕ್ಕೆ ಡೈನಾಬುಕ್ ಅಂತ ಹೆಸರಿಟ್ಟಿದ್ದರು. ಆ ಪ್ರಬಂಧದಲ್ಲಿ ಇಬ್ಬರು ಮಕ್ಕಳು ಹುಲ್ಲಿನ ಮೇಲೆ ಕೂತು ಬಾಹ್ಯಾಕಾಶ ಯುದ್ಧದ ಆಟ ಆಡುತ್ತಾರೆ. ಆಟದೊಳಗೆ ಸೂರ್ಯನನ್ನ ತಂದರೆ ಅದರ ಸೆಳೆತಕ್ಕೆ ಹಡಗುಗಳು ಬಾಗಬೇಕಲ್ವಾ ಅನ್ನುವ ತಲೆನೋವು ಹತ್ತಿಕೊಳ್ಳುತ್ತದೆ. ಅದಕ್ಕೆ ಉತ್ತರ ಹುಡುಕುತ್ತಾ ಆಟವನ್ನೇ ತಿದ್ದಲು ಹೊರಡುತ್ತಾರೆ. ಅಂದರೆ ಕೇ ಮನಸ್ಸಿನಲ್ಲಿದ್ದದ್ದು ಮಗು ಏನನ್ನಾದರೂ *ಮಾಡುವ* ಯಂತ್ರ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಮಕ್ಕಳ ಕೈ ಸೇರಿದ್ದು ನೋಡುವುದಕ್ಕೆ, ಕೇಳುವುದಕ್ಕೆ, ಒತ್ತುವುದಕ್ಕೆ ಬಹಳ ಚೆನ್ನಾಗಿರುವ ಯಂತ್ರ. ಮಾಡುವುದಕ್ಕೂ ಅದು ಬರುತ್ತದೆ, ಇಲ್ಲ ಅಂತಲ್ಲ. ಆದರೆ ಶಾಲೆಗೆ ಟ್ಯಾಬ್ ತರುವವರು ಅದಕ್ಕೋಸ್ಕರ ತರುವುದು ಕಡಿಮೆ.

ಮೊದಲು ಎಡವಿದ ಕತೆಗಳು. 2005ರಲ್ಲಿ "ಮಗುವಿಗೊಂದು ಲ್ಯಾಪ್‌ಟಾಪ್" ಅನ್ನುವ ದೊಡ್ಡ ಯೋಜನೆ ಘೋಷಣೆಯಾಯಿತು. ಅದು ಟ್ಯಾಬ್ ಅಲ್ಲ, ಹಸಿರು ಬಣ್ಣದ ಪುಟ್ಟ ಲ್ಯಾಪ್‌ಟಾಪ್. ಆದರೆ ಪಾಠ ಅದೇ. ಪೆರು ದೇಶ ಎಲ್ಲರಿಗಿಂತ ಮುಂದೆ ಹೋಗಿ 8 ಲಕ್ಷಕ್ಕೂ ಹೆಚ್ಚು ಯಂತ್ರ ಹಂಚಿತು. 2012ರಲ್ಲಿ ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ ಅಲ್ಲಿನ 319 ಹಳ್ಳಿ ಶಾಲೆಗಳ ಫಲಿತಾಂಶ ಪ್ರಕಟಿಸಿತು. ಯಂತ್ರ ಸಿಕ್ಕಿದ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಬಳಸುವುದು ಬಹಳ ಜಾಸ್ತಿಯಾಗಿತ್ತು. ಗಣಿತದಲ್ಲೂ ಭಾಷೆಯಲ್ಲೂ ಅಂಕ ಮಾತ್ರ ಇದ್ದಲ್ಲೇ ಇತ್ತು. ಬುದ್ಧಿಶಕ್ತಿ ಅಳೆಯುವ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತು, ಅಷ್ಟೇ. ಮಗುವಿಗೆ ಯಂತ್ರ ಕೊಟ್ಟರೆ ಸಾಕು, ಅದೇ ಕಲಿತುಕೊಳ್ಳುತ್ತದೆ ಅನ್ನುವ ನಂಬಿಕೆ ಮೇಲೆ ಇಡೀ ಯೋಜನೆ ನಿಂತಿತ್ತು. ಇದನ್ನು ಪಾಠದೊಳಗೆ ಹೇಗೆ ತರಬೇಕು ಅಂತ ಟೀಚರ್‌ಗಳಿಗೆ ಹೇಳಿಕೊಟ್ಟದ್ದು ಕಡಿಮೆ.

2013ರಲ್ಲಿ ಲಾಸ್ ಏಂಜಲೀಸ್ ನಗರದ ಶಾಲಾ ಆಡಳಿತ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡಲು ಹೊರಟಿತು. ವೈ-ಫೈ ಎಲ್ಲ ಸೇರಿ 130 ಕೋಟಿ ಡಾಲರ್ ಲೆಕ್ಕಾಚಾರ. ಹಂಚಿ ಕೆಲವೇ ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಮಕ್ಕಳು ಬೀಗ ಮುರಿದುಬಿಟ್ಟರು. ಹ್ಯಾಕಿಂಗ್ ಗೀಕಿಂಗ್ ಏನೂ ಬೇಕಾಗಿರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಶಾಲೆಯವರು ಹಾಕಿದ್ದ ಪ್ರೊಫೈಲ್ ಅಳಿಸಿದರೆ ಆಯಿತು, ಏನು ಬೇಕಾದರೂ ನೋಡಬಹುದಿತ್ತು. ಹೊಸ ಟ್ಯಾಬ್‌ನಿಂದ ಮಕ್ಕಳು ತಾವಾಗಿಯೇ ಕಲಿತ ಮೊದಲ ಪಾಠ ಬಹುಶಃ ಅದೇ! ಪಾಠದ ಸಾಫ್ಟ್‌ವೇರ್ ಪೂರ್ತಿ ಸಿದ್ಧವಾಗುವ ಮೊದಲೇ ಯಂತ್ರ ತರಗತಿಗೆ ಬಂದಿತ್ತು. ಮರುವರ್ಷ ಆ ಒಪ್ಪಂದವನ್ನೇ ನಿಲ್ಲಿಸಬೇಕಾಯಿತು.

ಇಂಥ ದೊಡ್ಡ ಸೋಲು ಪತ್ರಿಕೆಯಲ್ಲಿ ಬರುತ್ತದೆ. ತರಗತಿಯೊಳಗೆ ದಿನಾ ಆಗುವ ಸಣ್ಣ ಸೋಲು ಎಲ್ಲೂ ಬರುವುದಿಲ್ಲ. 40 ನಿಮಿಷದ ಪೀರಿಯಡ್ ಇದೆ ಅಂದುಕೊಳ್ಳಿ. ಬೀರು ತೆಗೆದು ಟ್ಯಾಬ್ ಹಂಚಲು ಐದು ನಿಮಿಷ. ಇಬ್ಬರ ಟ್ಯಾಬ್‌ನಲ್ಲಿ ಚಾರ್ಜ್ ಇಲ್ಲ. ಮೂವರಿಗೆ ಪಾಸ್‌ವರ್ಡ್ ಮರೆತಿದೆ. ಒಬ್ಬಳ ಟ್ಯಾಬ್ "ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಕಾಯಿರಿ" ಅಂತ ಕೂತಿದೆ. ಮೂವತ್ತು ಜನ ಒಟ್ಟಿಗೆ ವಿಡಿಯೊ ಒತ್ತಿದ ಕೂಡಲೇ ನೆಟ್ ಸುತ್ತತೊಡಗುತ್ತದೆ. "ಮಿಸ್, ನಂದು ಬರ್ತಾ ಇಲ್ಲ" ಅಂತ ನಾಲ್ಕೂ ಕಡೆಯಿಂದ ಕೂಗು. ಕೊನೆಗೆ ವಾಪಸ್ ಎಣಿಸಿ ಇಡಲು ಇನ್ನೈದು ನಿಮಿಷ. ಪಾಠಕ್ಕೆ ಉಳಿದದ್ದು ಇಪ್ಪತ್ತೈದು ನಿಮಿಷ ಇದ್ದರೆ ಪುಣ್ಯ. ಹೀಗೆ ನಾಲ್ಕು ಸಲ ಆದರೆ ಐದನೇ ಸಲ ಟೀಚರ್ ಬೀರು ಬಾಗಿಲೇ ತೆಗೆಯುವುದಿಲ್ಲ. ಅವರನ್ನ ಬೈದು ಪ್ರಯೋಜನ ಇಲ್ಲ. ಸಿಲಬಸ್ ಮುಗಿಸಬೇಕಾದವರು ಅವರೇ ತಾನೆ?

ಇನ್ನು ಫಲ ಕೊಟ್ಟ ಕತೆಗಳು. ತಾಂಜಾನಿಯಾದ ತಾಂಗಾ ಪ್ರದೇಶದ ಹಳ್ಳಿಗಳಲ್ಲಿ ನಡೆದದ್ದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಗ್ಲೋಬಲ್ ಲರ್ನಿಂಗ್ ಎಕ್ಸ್‌ಪ್ರೈಜ್ ಅನ್ನುವ ಸ್ಪರ್ಧೆಯಲ್ಲಿ ಸುಮಾರು 2,700 ಮಕ್ಕಳಿಗೆ ಟ್ಯಾಬ್ ಕೊಟ್ಟು 15 ತಿಂಗಳು ಬಿಟ್ಟರು. ಮುಕ್ಕಾಲು ಪಾಲು ಮಕ್ಕಳು ಶಾಲೆ ಮೆಟ್ಟಿಲೇ ಹತ್ತಿರಲಿಲ್ಲ. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮಕ್ಕಳಿಗೆ ಸ್ವಾಹಿಲಿಯ ಒಂದು ಪದವನ್ನೂ ಓದಲು ಬರುತ್ತಿರಲಿಲ್ಲ. ಕೊನೆಗೆ ನೋಡಿದರೆ, ಒಂದು ಪದವೂ ಬಾರದವರ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. 2019ರಲ್ಲಿ ಎರಡು ತಂಡಗಳು ಬಹುಮಾನ ಹಂಚಿಕೊಂಡವು.

ಈ ಕತೆಯನ್ನ "ಟೀಚರ್ ಇಲ್ಲದೆಯೂ ಕಲಿಯಬಹುದು" ಅಂತ ಹೇಳಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಸ್ವಲ್ಪ ತಾಳಿ. ಒಂದೂಕಾಲು ವರ್ಷ ಆದಮೇಲೂ ಉಳಿದರ್ಧ ಮಕ್ಕಳಿಗೆ ಒಂದು ಪದ ಓದಲು ಬರುತ್ತಿರಲಿಲ್ಲ. ಇನ್ನೊಂದು ವಿಷಯ: ಆ ಟ್ಯಾಬ್‌ಗಳಲ್ಲಿ ಇದ್ದದ್ದು ಓದು, ಬರಹ, ಲೆಕ್ಕ ಕಲಿಸಲೆಂದೇ, ಆ ಮಕ್ಕಳ ಭಾಷೆಯಲ್ಲೇ ತಯಾರಿಸಿದ ಸಾಫ್ಟ್‌ವೇರ್. ಚಾರ್ಜ್ ಮಾಡಲು ಸೌರ ವಿದ್ಯುತ್ತಿನ ವ್ಯವಸ್ಥೆ ಇತ್ತು, ಅದನ್ನ ನೋಡಿಕೊಳ್ಳಲು ಹಳ್ಳಿಯವರೇ ಇದ್ದರು. ಏನೂ ಇಲ್ಲದ ಕಡೆ ಹೀಗೆ ಜೋಡಿಸಿಟ್ಟ ಟ್ಯಾಬ್ ಬಹಳ ದೊಡ್ಡ ವಿಷಯ. ಒಳ್ಳೆ ಟೀಚರ್ ಇರುವ ಕಡೆ ಅದೇ ಟ್ಯಾಬ್‌ಗೆ ಅಷ್ಟು ಬೆಲೆ ಇರಲೇಬೇಕು ಅಂತಿಲ್ಲ.

ದೆಹಲಿಯಲ್ಲಿ ನಡೆದ ಇನ್ನೊಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಲಿ ಬಳಸಿದ್ದು ಕಂಪ್ಯೂಟರ್. ಆದರೆ ಯಾವುದರಿಂದ ಕೆಲಸ ಆಗುತ್ತದೆ ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆರನೇ ತರಗತಿ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ಪುಸ್ತಕ ಆರನೇದು, ಪಾಠ ಆರನೇದು, ಹುಡುಗನ ತಲೆ ಇರುವುದು ಮೂರರಲ್ಲೋ ನಾಲ್ಕರಲ್ಲೋ. ಹೀಗಿದ್ದಾಗ ಟೀಚರ್ ಎಷ್ಟು ಚೆನ್ನಾಗಿ ಹೇಳಿದರೂ ತಲೆ ಮೇಲೆ ಹಾರಿಹೋಗುತ್ತದೆ. ಸಾಫ್ಟ್‌ವೇರ್ ಮಾಡಿದ್ದು ಇಷ್ಟೇ: ಯಾರು ಎಲ್ಲಿದ್ದಾರೋ ಅಲ್ಲಿಂದಲೇ ಶುರು ಮಾಡಿತು. ಶಾಲೆ ಮುಗಿದ ಮೇಲೆ 45 ನಿಮಿಷ ಕಂಪ್ಯೂಟರ್, 45 ನಿಮಿಷ ಸಣ್ಣ ಗುಂಪಿನಲ್ಲಿ ಒಬ್ಬ ಸಹಾಯಕರ ಜೊತೆ ಪಾಠ. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಗಣನೀಯ ಸುಧಾರಣೆ ಕಂಡಿತು. ನಲವತ್ತು ಮಕ್ಕಳಿಗೆ ನಲವತ್ತು ಬೇರೆ ಬೇರೆ ಪ್ರಶ್ನೆ ಕೊಟ್ಟು, ಆ ಕ್ಷಣಕ್ಕೇ ತಿದ್ದುವುದು ಮನುಷ್ಯರಿಗೆ ಸಾಧ್ಯವಿಲ್ಲದ ಕೆಲಸ. ಯಂತ್ರಕ್ಕೆ ಅದು ಸಲೀಸು.

ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಮಾತ್ರ ಕೀನ್ಯಾದ್ದು. ಕಿಸುಮು ಪ್ರದೇಶದಲ್ಲಿ ಚಿಕ್ಕ ಮಕ್ಕಳಿಗೆ ಓದು ಕಲಿಸಲು ಮೂರು ದಾರಿ ಹಿಡಿದು ನೋಡಿದರು. ಒಂದು ಕಡೆ ಮಕ್ಕಳಿಗೇ ಇ-ರೀಡರ್, ಅಂದರೆ ಪರದೆ ಮೇಲೆ ಪುಸ್ತಕ ಓದುವ ಯಂತ್ರ. ಇನ್ನೊಂದು ಕಡೆ ಟೀಚರ್‌ಗಳಿಗೆ ಟ್ಯಾಬ್. ಮೂರನೇ ಕಡೆ ಟೀಚರ್‌ಗಳ ಪಾಠ ನೋಡಿ ಸಲಹೆ ಕೊಡುವ ಮೇಲ್ವಿಚಾರಕರಿಗೆ ಮಾತ್ರ ಟ್ಯಾಬ್. ಮೂರೂ ಕಡೆ ಮಕ್ಕಳ ಓದು ಸುಧಾರಿಸಿತು, ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಖರ್ಚಿನಲ್ಲಿ ಮಾತ್ರ ಅಜಗಜಾಂತರ. ಮಕ್ಕಳು ಸಾವಿರಾರು, ಟೀಚರ್‌ಗಳು ನೂರಾರು, ಮೇಲ್ವಿಚಾರಕರು ಬೆರಳೆಣಿಕೆಯಷ್ಟು ಜನ. ಸರಿ, ದೇಶದುದ್ದಕ್ಕೂ ಕಾರ್ಯಕ್ರಮ ವಿಸ್ತರಿಸುವಾಗ ಟ್ಯಾಬ್ ಹೋದದ್ದು ಮೇಲ್ವಿಚಾರಕರ ಕೈಗೆ.

ಅವರು ಅದರಲ್ಲಿ ಮಾಡುವುದೇನು? ತರಗತಿಯ ಹಿಂದೆ ಕೂತು ಪಾಠ ನೋಡುತ್ತಾರೆ, ಗಮನಿಸಿದ್ದನ್ನ ಟ್ಯಾಬ್‌ನಲ್ಲಿ ತುಂಬುತ್ತಾರೆ. ಪಾಠ ಮುಗಿದ ಮೇಲೆ ಕೆಲವು ಮಕ್ಕಳನ್ನ ಕರೆದು ಓದಿಸುತ್ತಾರೆ. ಒಂದು ನಿಮಿಷದಲ್ಲಿ ಮಗು ಎಷ್ಟು ಪದ ಸರಿಯಾಗಿ ಓದಿತು ಅಂತ ಟ್ಯಾಬ್ ಎಣಿಸುತ್ತದೆ. ಅಲ್ಲೇ ಟೀಚರ್ ಜೊತೆ ಕೂತು, ಈ ಭಾಗ ಚೆನ್ನಾಗಿತ್ತು, ಈ ಭಾಗ ಹೀಗೆ ಮಾಡಿ ನೋಡಿ ಅನ್ನುತ್ತಾರೆ. ಮೇಲ್ವಿಚಾರಕರು ನಿಜವಾಗಿಯೂ ಶಾಲೆಗೆ ಹೋದರಾ ಇಲ್ಲವಾ ಅನ್ನುವುದೂ ಟ್ಯಾಬ್‌ನಿಂದಲೇ ಗೊತ್ತಾಗುತ್ತದೆ. ಮಗು ಆ ಟ್ಯಾಬ್ ಮುಟ್ಟುವುದೂ ಇಲ್ಲ. ಆದರೆ ಅದರಿಂದ ಬದಲಾಗುವುದು ಮಗುವಿನ ಓದು. ಟ್ಯಾಬ್ ಅಂದ ಕೂಡಲೇ ಮಗುವಿನ ಕೈಯೇ ಕಣ್ಣಮುಂದೆ ಬರುವವರಿಗೆ ಈ ದಾರಿ ಹೊಳೆಯುವುದು ಕಷ್ಟ. ಮೇಲ್ವಿಚಾರಕರ ಕೈಯಲ್ಲಿ ಟ್ಯಾಬ್ ಇರುವ ಫೋಟೊ ಉದ್ಘಾಟನೆಗೆ ಚೆನ್ನಾಗಿಯೂ ಕಾಣುವುದಿಲ್ಲ ಬಿಡಿ.

ಓದುವ ವಿಷಯಕ್ಕೆ ಬಂದರೆ ಕಾಗದದ್ದೇ ಮೇಲುಗೈ. 2018ರಲ್ಲಿ 54 ಅಧ್ಯಯನಗಳನ್ನ, ಒಟ್ಟು 1.7 ಲಕ್ಷಕ್ಕೂ ಹೆಚ್ಚು ಓದುಗರ ಫಲಿತಾಂಶವನ್ನ ಒಟ್ಟಿಗೆ ಸೇರಿಸಿ ನೋಡಿದರು. ಮಾಹಿತಿ ಇರುವ ಬರಹ, ಅಂದರೆ ಪಠ್ಯಪುಸ್ತಕದಂಥದ್ದು, ಕಾಗದದಲ್ಲಿ ಓದಿದರೆ ಹೆಚ್ಚು ಅರ್ಥವಾಗುತ್ತದೆ. ಸಮಯದ ಒತ್ತಡ ಇದ್ದರಂತೂ ಅಂತರ ಇನ್ನೂ ಜಾಸ್ತಿ. ಕತೆ ಓದುವಾಗ ಅಂಥ ವ್ಯತ್ಯಾಸ ಇಲ್ಲ. ಇನ್ನೊಂದು ಸ್ವಾರಸ್ಯ ಇದೆ. ಈಗಿನ ಮಕ್ಕಳು ಪರದೆ ಜೊತೆಗೇ ಹುಟ್ಟಿದವರು, ಹೋಗ್ತಾ ಹೋಗ್ತಾ ಈ ಅಂತರ ಮುಚ್ಚುತ್ತದೆ ಅಂತ ಅಂದುಕೊಂಡಿದ್ದೆವು. ವರ್ಷ ಕಳೆದಂತೆ ಅದು ದೊಡ್ಡದಾಗಿತ್ತು! ಪರದೆ ಕಂಡರೆ ನಮ್ಮ ಕಣ್ಣು ಸರಸರ ಕೆಳಗಿಳಿಯುವ ಅಭ್ಯಾಸ ಮಾಡಿಕೊಂಡಿದೆ. ಓದಿದ್ದೆಲ್ಲ ಅರ್ಥವಾಯಿತು ಅನ್ನುವ ಭ್ರಮೆಯೂ ಪರದೆ ಮುಂದೆ ಜಾಸ್ತಿ.

ಕೈಬರಹದ ವಿಷಯ ಇಷ್ಟು ಖಚಿತ ಅಲ್ಲ. ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿ ನೋಟ್ಸ್ ಬರೆದುಕೊಂಡವರಿಗಿಂತ ಕೈಯಲ್ಲಿ ಬರೆದವರಿಗೆ ಹೆಚ್ಚು ಅರ್ಥವಾಗುತ್ತದೆ ಅಂತ 2014ರ ಒಂದು ಅಧ್ಯಯನ ಹೇಳಿತ್ತು. ಅದು ಜಗತ್ತಿಡೀ ಸುದ್ದಿಯಾಯಿತು. ಆಮೇಲೆ ಬೇರೆಯವರು ಅದೇ ಪ್ರಯೋಗ ಮತ್ತೆ ಮಾಡಿದಾಗ ಅಷ್ಟು ಸ್ಪಷ್ಟವಾದ ವ್ಯತ್ಯಾಸ ಸಿಗಲಿಲ್ಲ. ಅದು ಅಷ್ಟಾಗಿ ಸುದ್ದಿಯಾಗಲಿಲ್ಲ. ಆದರೆ ಅಕ್ಷರ ಕಲಿಯುವ ವಯಸ್ಸಿನಲ್ಲಿ ಬೆರಳು ತಿರುಗಿಸಿ ಬರೆಯುವುದಕ್ಕೂ ಕೀ ಒತ್ತುವುದಕ್ಕೂ ಸಾಟಿಯೇ ಇಲ್ಲ ಅಂತ ನನಗನಿಸುತ್ತದೆ. ಪೆನ್ನಿನಲ್ಲಿ ಬರೆಯಬಹುದಾದ ಟ್ಯಾಬ್ ಇದ್ದರೆ ಆ ತಕರಾರು ಸ್ವಲ್ಪ ಕಡಿಮೆಯಾಗುತ್ತದೆ.

ಗಮನ ಚದುರುವುದಕ್ಕೆ ಲೆಕ್ಕವೇ ಇದೆ. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಯುವ ಪೀಸಾ ಅನ್ನುವ ಪರೀಕ್ಷೆ ಇದೆ, 2022ರಲ್ಲಿ ಅದರ ವೇಳೆ ಮಕ್ಕಳನ್ನೇ ಕೇಳಿದ್ದರು. ಗಣಿತದ ಕೆಲವು ತರಗತಿಗಳಲ್ಲಾದರೂ ಫೋನ್, ಟ್ಯಾಬ್‌ನಿಂದ ತಮ್ಮ ಗಮನ ತಪ್ಪುತ್ತದೆ ಅಂತ ಸರಾಸರಿ 65% ಮಕ್ಕಳು ಒಪ್ಪಿಕೊಂಡರು. ಪಕ್ಕದವರ ಪರದೆ ನೋಡಿ ಗಮನ ತಪ್ಪುತ್ತದೆ ಅಂದವರು 59%. ಅದೇ ವರದಿಯಲ್ಲಿ ಇನ್ನೊಂದು ಅಂಶವೂ ಇದೆ. ಶಾಲೆಯಲ್ಲಿ ಕಲಿಕೆಗಾಗಿ ದಿನಕ್ಕೆ ಒಂದು ಗಂಟೆಯೊಳಗೆ ಸಾಧನ ಬಳಸಿದವರು, ಬಳಸದೇ ಇದ್ದವರಿಗಿಂತ ಗಣಿತದಲ್ಲಿ 14 ಅಂಕ ಮುಂದಿದ್ದರು. ಇದನ್ನ ಇಟ್ಟುಕೊಂಡು ಕಾರಣ-ಪರಿಣಾಮ ಹೇಳಲಾಗದು, ಒಳ್ಳೆ ಶಾಲೆಗಳೇ ಹಾಗೆ ಬಳಸುತ್ತಿರಬಹುದು. ಸ್ವೀಡನ್ ಅಂತೂ 2023ರಲ್ಲಿ ಚಕ್ರ ಹಿಂದಕ್ಕೆ ತಿರುಗಿಸಿತು. ಪುಟ್ಟ ಮಕ್ಕಳ ಶಾಲೆಯಲ್ಲಿ ಡಿಜಿಟಲ್ ಸಾಧನ ಕಡ್ಡಾಯ ಅನ್ನುವುದನ್ನ ಕೈಬಿಡುವುದಾಗಿ ಹೇಳಿ, ಅಚ್ಚಾದ ಪುಸ್ತಕ ಕೊಳ್ಳಲು ಶಾಲೆಗಳಿಗೆ ಹಣ ಕೊಟ್ಟಿತು.

ಟ್ಯಾಬ್ ಬೇಡವೇ ಬೇಡ ಅನ್ನುವವರ ಮುಂದೆ ನಾನು ಇಡುವುದು ಒಂದೇ ಉದಾಹರಣೆ. ಮಾತು ಬಾರದ ಮಗು. ಪರದೆ ಮೇಲೆ ಚಿತ್ರಗಳ ಸಾಲು. "ನನಗೆ", "ನೀರು", "ಬೇಕು" ಮೂರು ಒತ್ತಿದರೆ ಟ್ಯಾಬ್ ಆ ವಾಕ್ಯ ಗಟ್ಟಿಯಾಗಿ ಹೇಳುತ್ತದೆ. ಮೊದಲು ಇದಕ್ಕೆಂದೇ ಬೇರೆ ಯಂತ್ರ ಇತ್ತು, ಅದು ಭಾರ, ವಿಪರೀತ ದುಬಾರಿ. ಕಣ್ಣು ಮಂಜಾದ ಮಗು ಅಕ್ಷರವನ್ನ ಅಂಗೈಯಷ್ಟು ದೊಡ್ಡದು ಮಾಡಿಕೊಳ್ಳಬಹುದು. ಕಣ್ಣೇ ಕಾಣದವರಿಗೆ ಪರದೆಯಲ್ಲಿರುವುದನ್ನ ಓದಿ ಹೇಳುವ ವ್ಯವಸ್ಥೆ ಐಪ್ಯಾಡ್‌ನಲ್ಲಿ ಮೊದಲ ದಿನದಿಂದಲೇ ಇದೆ. ಇಂಥ ಮಕ್ಕಳ ಪಾಲಿಗೆ ದಿನಕ್ಕೆ ಎಷ್ಟು ಗಂಟೆ ಪರದೆ ಅನ್ನುವ ಚರ್ಚೆಯೇ ಬೇರೆ. ಶಾಲೆ ಟ್ಯಾಬ್ ನಿಷೇಧಿಸಿದರೆ ಆ ಮಗುವಿನ ಬಾಯಿಗೇ ಬೀಗ.

ಕೊಳ್ಳುವವರ ಕಡೆಗೂ ಒಂಚೂರು ನೋಡೋಣ. ಯುನೆಸ್ಕೊ 2023ರ ವರದಿ ಪ್ರಕಾರ ಶಿಕ್ಷಣದ ತಂತ್ರಜ್ಞಾನ ಉತ್ಪನ್ನಗಳು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತವೆ. ಅವು ನಿಜವಾಗಿ ಕೆಲಸ ಮಾಡುತ್ತವಾ ಅಂತ ಸ್ವತಂತ್ರವಾಗಿ ಪರೀಕ್ಷಿಸಿ ಮುಗಿಸುವಷ್ಟರಲ್ಲಿ ಆ ಉತ್ಪನ್ನವೇ ಬದಲಾಗಿರುತ್ತದೆ. ಕೇಳುವವರೂ ಕಡಿಮೆ. ಅಮೆರಿಕದ 17 ರಾಜ್ಯಗಳಲ್ಲಿ ಟೀಚರ್‌ಗಳು, ಶಾಲಾ ಆಡಳಿತದವರ ಸಮೀಕ್ಷೆ ಮಾಡಿದಾಗ, ಕೊಳ್ಳುವ ಮೊದಲು ತಜ್ಞರು ಪರಿಶೀಲಿಸಿದ ಪುರಾವೆ ಕೇಳಿದವರು 11% ಮಾತ್ರ ಅಂತ ಅದೇ ವರದಿ ಹೇಳುತ್ತದೆ. ಇನ್ನು ಮಕ್ಕಳ ಮಾಹಿತಿ. ಕೋವಿಡ್ ಕಾಲದಲ್ಲಿ ಸರ್ಕಾರಗಳೇ ಸೂಚಿಸಿದ್ದ 164 ಕಲಿಕಾ ಆ್ಯಪ್, ವೆಬ್‌ಸೈಟ್‌ಗಳನ್ನ ಹ್ಯೂಮನ್ ರೈಟ್ಸ್ ವಾಚ್ ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. 146ರಲ್ಲಿ ಮಕ್ಕಳ ಹಕ್ಕಿಗೆ ಧಕ್ಕೆ ತರುವಂಥ ಮಾಹಿತಿ ಸಂಗ್ರಹ ಕಂಡುಬಂದಿತ್ತು. ಅಲ್ಲಿ ನಕ್ಷತ್ರ ಸಿಗುವುದು ಮಗುವಿಗೆ, ಮಗುವಿನ ವಿವರ ಸಿಗುವುದು ಇನ್ಯಾರಿಗೋ.

ಆ ದಿನ ನಾನು ಒಂದು ಹಳೆ ನೋಟ್‌ಬುಕ್ ಹಾಳೆಯಿಂದ ಒಂದೇ ಉದ್ದದ ಎರಡು ಪಟ್ಟಿ ಕತ್ತರಿಸಿದೆ. "ಒಂದನ್ನ ಎರಡು ಭಾಗ ಮಾಡು, ಇನ್ನೊಂದನ್ನ ಐದು" ಅಂದೆ. ಎರಡು ಸುಲಭ. ಐದು ಸಮನಾಗಿ ಮಡಿಸುವುದು ಎಷ್ಟು ಕಷ್ಟ ಅಂತ ಮಡಿಸಿ ನೋಡಿದವರಿಗೇ ಗೊತ್ತು. ನಾಲ್ಕು ಸಲ ಕೆಟ್ಟಿತು. ಕೊನೆಗೆ ಸ್ಕೇಲ್ ತಂದು ಅಳೆದ. ಇಪ್ಪತ್ತು ಸೆಂಟಿಮೀಟರ್ ಇತ್ತು, ನಾಲ್ಕಕ್ಕೊಂದರಂತೆ ಗುರುತು ಹಾಕಿದ. ಮೂರು ಭಾಗಕ್ಕೆ ಬಣ್ಣ ತುಂಬಿ, ಇನ್ನೊಂದು ಪಟ್ಟಿಯ ಅರ್ಧಕ್ಕೂ ತುಂಬಿ, ಎರಡನ್ನೂ ಪಕ್ಕಪಕ್ಕ ಇಟ್ಟ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಓ... ಇಷ್ಟೇ ಇಷ್ಟು ಜಾಸ್ತಿ!"

ಆಮೇಲೆ ನಾನು ಹೇಳದೆಯೇ ಟ್ಯಾಬ್ ಎತ್ತಿಕೊಂಡ. ಆ್ಯಪ್ ಮುಚ್ಚಿ ಕ್ಯಾಮೆರಾ ತೆಗೆದ. ಎರಡು ಪಟ್ಟಿಯ ಫೋಟೊ ಹೊಡೆದು, ಹೆಚ್ಚಾಗಿದ್ದ ಎರಡು ಸೆಂಟಿಮೀಟರ್ ಸುತ್ತ ಬೆರಳಿನಿಂದ ಕೆಂಪು ಗೆರೆ ಎಳೆದ. "ಇದನ್ನ ಮಿಸ್‌ಗೆ ಕಳಿಸ್ಲಾ?" ಅಂದ.